ಮರದ ಬಾಯಿ ಎಲ್ಲಿದೆ?

ನಮ್ಮ ಬೀದಿಯ ತಿರುವಿನಲ್ಲಿ ಒಂದು ಹೊಂಗೆ ಮರವಿತ್ತು. ಬೇಸಿಗೆಯಲ್ಲಿ ಅದರ ಕೆಳಗೆ ಇಸ್ತ್ರಿ ಗಾಡಿ, ಎಳನೀರಿನ ರಾಶಿ, ಶಾಲೆಯ ಆಟೋಗೆ ಕಾಯುವ ಮಕ್ಕಳು. ಒಂದು ದಿನ ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ನೋಡಿದೆ: ಬುಡದಿಂದ ಎರಡಡಿ ಮೇಲೆ, ಗೇಣಗಲದಷ್ಟು ತೊಗಟೆಯನ್ನು ಯಾರೋ ಸುತ್ತಲೂ ನೀಟಾಗಿ ಸುಲಿದಿದ್ದರು. ಒಳಗಿನ ಬಿಳಿ ಕಟ್ಟಿಗೆ ಬಳೆ ತೊಡಿಸಿದಂತೆ ಕಾಣುತ್ತಿತ್ತು.

ಮರ ಸಾಯಲಿಲ್ಲ. ತಿಂಗಳಾದರೂ ಎಲೆ ಬಾಡಲಿಲ್ಲ. ಎದುರು ಮನೆಯ ತಾತ, 'ಏನೂ ಆಗಲ್ಲ ಬಿಡಪ್ಪಾ, ನೀರು ಏರ್ತಾ ಇದೆ' ಎಂದು ಸಮಾಧಾನ ಹೇಳಿದರು. ಮರುವರ್ಷ ಮರ ಚಿಗುರಿತು, ಹೂವನ್ನೂ ಬಿಟ್ಟಿತು. ನಾವೂ ಮರೆತೆವು. ಆದರೆ ಆ ಮಳೆಗಾಲ ಕಳೆಯುತ್ತಿದ್ದಂತೆ ತುದಿಯ ಕೊಂಬೆಗಳು ಬೋಳಾದವು. ಮುಂದಿನ ಬೇಸಿಗೆಗೆ ಇಡೀ ಮರ ಕಟ್ಟಿಗೆಯಾಗಿ ನಿಂತಿತು. ಒಣಗಿದ ಮರ ಅಪಾಯಕಾರಿ ಎಂದು ಅದನ್ನು ಕಡಿದು ಸಾಗಿಸಿದರು. ಯಾರ ಮೇಲೂ ದೂರು ಬರಲಿಲ್ಲ. ಹಸಿರು ಮರ ಕಡಿದಿದ್ದರೆ ತಾನೇ ದೂರು?

ತಾತ ಹೇಳಿದ್ದು ಸುಳ್ಳಲ್ಲ. ನೀರು ನಿಜವಾಗಿಯೂ ಏರುತ್ತಿತ್ತು. ಹಾಗಿದ್ದರೆ ಮರ ಸತ್ತದ್ದೇಕೆ? ಸಾಯುವುದೇ ಆಗಿದ್ದರೆ ಅಷ್ಟು ನಿಧಾನವಾಗಿ ಏಕೆ? ಈ ಸಣ್ಣ ಪ್ರಶ್ನೆಗೆ ಉತ್ತರ ಹುಡುಕಲು ಮನುಷ್ಯನಿಗೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಬೇರು, ಕಾಂಡ, ಎಲೆ ಎಂದು ಮೂರನೆಯ ತರಗತಿಯ ಮಗು ಚಿತ್ರ ಬರೆದು ಗೆರೆ ಎಳೆದು ಹೆಸರಿಸುತ್ತದೆ. ಆ ಮೂರು ಹೆಸರುಗಳ ಹಿಂದೆ ಇರುವುದು ಒಂದು ದೀರ್ಘ ಪತ್ತೇದಾರಿ ಕಥೆ.

ಕಾಲಿನಿಂದ ಕುಡಿಯುವ ಜೀವಿ

ಸಂಸ್ಕೃತದಲ್ಲಿ ಮರಕ್ಕೆ 'ಪಾದಪ' ಎಂಬ ಹೆಸರಿದೆ. ಪಾದದಿಂದ ಪಾನ ಮಾಡುವುದು, ಅಂದರೆ ಕಾಲಿನಿಂದ ಕುಡಿಯುವುದು ಎಂದರ್ಥ. ಬೇರು ನೀರನ್ನು ಹೀರುತ್ತದೆ ಎಂಬ ತಿಳಿವಳಿಕೆ ಆ ಒಂದು ಪದದಲ್ಲೇ ಅಡಗಿದೆ. ಮಹಾಭಾರತದ ಶಾಂತಿಪರ್ವದಲ್ಲಿ ಭೃಗು ಮತ್ತು ಭರದ್ವಾಜರ ಸಂವಾದವೊಂದು ಬರುತ್ತದೆ. ಗಿಡಮರಗಳಿಗೆ ಜೀವವಿದೆಯೇ ಎಂಬುದು ಅಲ್ಲಿನ ಚರ್ಚೆ. ತಾವರೆಯ ದಂಟನ್ನು ಬಾಯಲ್ಲಿಟ್ಟು ನೀರನ್ನು ಮೇಲಕ್ಕೆ ಹೀರುವಂತೆ ಮರವೂ ಗಾಳಿಯ ನೆರವಿನಿಂದ ಕಾಲಿನ ಮೂಲಕ ನೀರು ಕುಡಿಯುತ್ತದೆ ಎಂಬ ಹೋಲಿಕೆ ಅಲ್ಲಿದೆ. ಈ ಹೋಲಿಕೆಯನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಅತ್ತ ಗ್ರೀಸಿನಲ್ಲಿ ಅರಿಸ್ಟಾಟಲ್ ಬೇರೆಯೇ ರೀತಿ ಯೋಚಿಸಿದ. ಅವನ ಪ್ರಕಾರ ಗಿಡವೆಂದರೆ ತಲೆಕೆಳಗಾಗಿ ನಿಂತ ಪ್ರಾಣಿ. ಬೇರೇ ಅದರ ಬಾಯಿ, ಬೇರೇ ಅದರ ತಲೆ. ಪ್ರಾಣಿಗಳು ಆಹಾರವನ್ನು ಹೊಟ್ಟೆಯಲ್ಲಿ ಜೀರ್ಣಿಸಿಕೊಂಡರೆ, ಗಿಡಕ್ಕೆ ಭೂಮಿಯೇ ಹೊಟ್ಟೆ. ಅಲ್ಲಿ ಪಕ್ವವಾದ ಆಹಾರವನ್ನು ಗಿಡ ಸಿದ್ಧರೂಪದಲ್ಲಿ ಹೀರಿಕೊಳ್ಳುತ್ತದೆ, ಆದ್ದರಿಂದಲೇ ಅದಕ್ಕೆ ಮಲವಿಸರ್ಜನೆ ಇಲ್ಲ ಎಂದು ಅವನ ವಾದ. ಕೇಳಲು ಎಷ್ಟು ಸೊಗಸು! ಆದರೆ ಈ ಸೊಗಸಾದ ವಾದ ಸುಮಾರು ಎರಡು ಸಾವಿರ ವರ್ಷ ಯೂರೋಪಿನ ಚಿಂತನೆಗೆ ಬೇಲಿ ಹಾಕಿತು. ಆಹಾರವೆಲ್ಲ ಮಣ್ಣಿನಿಂದಲೇ ಬರುವುದಾದರೆ ಎಲೆಗೆ ಏನು ಕೆಲಸ? ಹಣ್ಣಿಗೆ ನೆರಳು ಕೊಡುವುದು ಎಂದುಕೊಂಡರು, ಅಷ್ಟೆ.

ನಮ್ಮಲ್ಲಿ ಗಿಡಮರಗಳ ಆರೈಕೆಯೇ ಒಂದು ಶಾಸ್ತ್ರವಾಯಿತು. ವರಾಹಮಿಹಿರನ 'ಬೃಹತ್ಸಂಹಿತೆ'ಯಲ್ಲಿ ವೃಕ್ಷಾಯುರ್ವೇದಕ್ಕೆಂದೇ ಅಧ್ಯಾಯವಿದೆ. ಕನ್ನಡಿಗರಿಗೂ ಇದರಲ್ಲಿ ಪಾಲುಂಟು. ಹನ್ನೊಂದನೆಯ ಶತಮಾನದಲ್ಲಿ, ಚಾಲುಕ್ಯರ ಕಾಲದಲ್ಲಿ, ಚಾವುಂಡರಾಯ ರಚಿಸಿದ 'ಲೋಕೋಪಕಾರ'ದಲ್ಲಿ ಜ್ಯೋತಿಷ್ಯ, ವಾಸ್ತು, ಅಡುಗೆ, ಅಂತರ್ಜಲ ಶೋಧನೆಗಳ ಜೊತೆಗೆ ವೃಕ್ಷಾಯುರ್ವೇದವೂ ಸ್ಥಾನ ಪಡೆದಿದೆ. (ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಬೇರೆ, ಈತ ಬೇರೆ.) ಈ ಗ್ರಂಥಗಳ ಗಮನವೆಲ್ಲ ಗಿಡ ಹೇಗೆ ಚೆನ್ನಾಗಿ ಬೆಳೆಯಬೇಕು ಎಂಬುದರ ಕಡೆಗೆ. ಗಿಡದೊಳಗೆ ಏನು ನಡೆಯುತ್ತದೆ ಎಂದು ಕೊಯ್ದು ನೋಡುವ ಕುತೂಹಲ ಇನ್ನೂ ಹುಟ್ಟಬೇಕಿತ್ತು.

ಗ್ರೀಕನ ಕಣ್ಣಿಗೆ ಬಿದ್ದ ನಮ್ಮ ಆಲ

ಸಸ್ಯಶಾಸ್ತ್ರದ ಪಿತಾಮಹ ಎಂದು ಕರೆಸಿಕೊಳ್ಳುವ ಥಿಯೋಫ್ರಾಸ್ಟಸ್ ಅರಿಸ್ಟಾಟಲನ ಶಿಷ್ಯ, ಅವನ ನಂತರ ಅವನ ವಿದ್ಯಾಪೀಠವನ್ನು ನಡೆಸಿದವನು. ಲೆಸ್ಬೋಸ್ ದ್ವೀಪದಲ್ಲಿ ಹುಟ್ಟಿದ ಈತ ಗಿಡಗಳನ್ನು ಮರ, ಪೊದೆ, ಕಿರುಪೊದೆ, ಮೂಲಿಕೆ ಎಂದು ವಿಂಗಡಿಸಿದ. ಗುರುವಿಗಿಂತ ಈತ ಹೆಚ್ಚು ಎಚ್ಚರಿಕೆಯ ಮನುಷ್ಯ. ಗಿಡದ ಭಾಗಗಳನ್ನು ಪ್ರಾಣಿಯ ಭಾಗಗಳಿಗೆ ಒಂದಕ್ಕೊಂದು ಜೋಡಿಸಿ ನೋಡುವುದು ಸರಿಯಲ್ಲ ಎಂದು ಎಚ್ಚರಿಸಿದ. ನೆಲದೊಳಗೆ ಇರುವುದೆಲ್ಲ ಬೇರಲ್ಲ ಎಂಬುದೂ ಅವನಿಗೆ ಹೊಳೆದಿತ್ತು.

ಅವನ ಬರಹದಲ್ಲಿ ಭಾರತದ ಆಲದ ಮರವೂ ಇದೆ. ಅಲೆಕ್ಸಾಂಡರನ ದಂಡಯಾತ್ರೆಯಿಂದ ಮರಳಿದವರು ತಂದ ವರದಿ ಅದು. ಕೊಂಬೆಯಿಂದ ಏನೋ ಕೆಳಗಿಳಿದು ನೆಲ ಸೇರುತ್ತದೆ, ಮರದ ಸುತ್ತ ಬೇಲಿಯಂತೆ ನಿಲ್ಲುತ್ತದೆ, ಜನ ಅದರೊಳಗೆ ತಂಗುತ್ತಾರೆ. ಇದು ಕೊಂಬೆಯೋ ಬೇರೋ? ಥಿಯೋಫ್ರಾಸ್ಟಸ್ ಕೊಟ್ಟ ಕಾರಣ ನೋಡಿ: ಅವು ಬಣ್ಣದಲ್ಲಿ ಬಿಳುಪು, ಮೈಮೇಲೆ ರೋಮ, ಸೊಟ್ಟಗೆ ಬೆಳೆಯುತ್ತವೆ, ಎಲೆ ಬಿಡುವುದಿಲ್ಲ. ಆದ್ದರಿಂದ ಅವು ಬೇರು. ಇರುವ ಜಾಗ ನೋಡಿ ಅಲ್ಲ, ಲಕ್ಷಣ ನೋಡಿ ಹೆಸರಿಡಬೇಕು ಎಂಬ ಪಾಠ ಇಲ್ಲಿಂದ ಶುರುವಾಯಿತು. ಬಿಳಲನ್ನು ಎಂದೂ ಕಣ್ಣಾರೆ ಕಾಣದವನು ಅದನ್ನು ಸರಿಯಾಗಿ ಗುರುತಿಸಿದ.

ಆ ಬಿಳಲುಗಳ ಬೆಲೆ ತಿಳಿಯಬೇಕಾದರೆ ಬೆಂಗಳೂರಿನ ಹೊರವಲಯದ ಕೇತೋಹಳ್ಳಿಗೆ ಹೋಗಬೇಕು. ಅಲ್ಲಿನ ದೊಡ್ಡ ಆಲದ ಮರಕ್ಕೆ ಸುಮಾರು 400 ವರ್ಷ ಎನ್ನುತ್ತಾರೆ. ಮೂಲ ಬೊಡ್ಡೆ ರೋಗಕ್ಕೆ ತುತ್ತಾಗಿ ಇಲ್ಲವಾಗಿದೆ. ಬಿಳಲುಗಳೇ ಬೊಡ್ಡೆಗಳಾಗಿ ನಿಂತು ಮರವನ್ನು ಹೊತ್ತಿವೆ. ತಾಯಿ ಇಲ್ಲದಿದ್ದರೂ ಸಂಸಾರ ಉಳಿದಿದೆ.

ಅಡುಗೆಮನೆಯಲ್ಲೊಂದು ಪರೀಕ್ಷೆ

ಥಿಯೋಫ್ರಾಸ್ಟಸನ ಪಾಠವನ್ನು ನಮ್ಮ ತರಕಾರಿ ಬುಟ್ಟಿಯ ಮೇಲೆ ಪ್ರಯೋಗಿಸಿ ನೋಡೋಣ. ಆಲೂಗೆಡ್ಡೆ ಮತ್ತು ಗೆಣಸು ಎರಡೂ ಮಣ್ಣಿನೊಳಗೆ ಬೆಳೆಯುತ್ತವೆ. ಆದರೆ ಗೆಣಸು ಬೇರು, ಆಲೂಗೆಡ್ಡೆ ಕಾಂಡ! ಆಲೂಗೆಡ್ಡೆಯ ಮೇಲಿನ 'ಕಣ್ಣು'ಗಳನ್ನು ಗಮನಿಸಿ. ಅವು ಮೊಗ್ಗುಗಳು. ಕಬ್ಬಿನ ಗೆಣ್ಣಿನಲ್ಲಿ ಇರುವಂಥವೇ. ಗೆಣ್ಣು ಮತ್ತು ಕ್ರಮಬದ್ಧವಾದ ಕಣ್ಣು ಇರುವುದು ಕಾಂಡದ ಲಕ್ಷಣ. ಶುಂಠಿ, ಅರಿಸಿನದ ಮೇಲೂ ಉಂಗುರದಂಥ ಗೆರೆಗಳಿವೆ, ಅವೂ ಕಾಂಡಗಳೇ. ಮೂಲಂಗಿ, ಗಜ್ಜರಿಗಳು ಮುಖ್ಯವಾಗಿ ಊದಿಕೊಂಡ ತಾಯಿಬೇರು.

ಈರುಳ್ಳಿ? ಅದನ್ನು ಹೆಚ್ಚುವಾಗ ನಾವು ಕಣ್ಣೀರು ಹಾಕುವುದು ಎಲೆಗಳಿಗಾಗಿ. ಒಂದರೊಳಗೊಂದು ಕೂತ ಪದರಗಳು ರಸ ತುಂಬಿಕೊಂಡ ಎಲೆಯ ಬುಡಗಳು. ಕೆಳಗೆ ಬೇರಿನ ಮೀಸೆ ಹೊತ್ತ ಗಟ್ಟಿ ಬಿಲ್ಲೆ ಇದೆಯಲ್ಲ, ನಾವು ಕೊಯ್ದು ಎಸೆಯುತ್ತೇವಲ್ಲ, ಅದೇ ಕಾಂಡ.

ಬಾಳೆ ಇನ್ನೂ ದೊಡ್ಡ ಮೋಸಗಾರ. ನಾವು ಬಾಳೆಯ ಮರ ಎನ್ನುವ ಕಂಬ ಕಾಂಡವಲ್ಲ, ಒತ್ತೊತ್ತಾಗಿ ಸುತ್ತಿಕೊಂಡ ಎಲೆಬುಡಗಳ ಸುರುಳಿ. ನಿಜವಾದ ಕಾಂಡ ನೆಲದೊಳಗಿನ ಗೆಡ್ಡೆ. ಹೂ ಬಿಡುವ ಕಾಲಕ್ಕೆ ಅದು ಸುರುಳಿಯ ನಡುವಿನಿಂದ ಮೇಲೇರುತ್ತದೆ. ಪಲ್ಯಕ್ಕೆ ಬಳಸುವ ಬಾಳೆದಿಂಡು ಅದೇ. ಒಗ್ಗರಣೆಗೆ ಹಾಕುವ ಕರಿಬೇವಿನ ಒಂದು ಕಡ್ಡಿಯಲ್ಲಿ ಎಷ್ಟು ಎಲೆ? ಹತ್ತು ಹದಿನೈದು ಎನ್ನಬೇಡಿ. ಒಂದೇ ಎಲೆ. ಎಲೆಯ ಕಂಕುಳಲ್ಲಿ ಮೊಗ್ಗು ಇರಬೇಕೆಂಬುದು ನಿಯಮ. ಕರಿಬೇವಿನಲ್ಲಿ ಆ ಮೊಗ್ಗು ಇರುವುದು ಇಡೀ ಕಡ್ಡಿಯ ಬುಡದಲ್ಲಿ, ಬಿಡಿ ದಳಗಳ ಬುಡದಲ್ಲಲ್ಲ.

ಜರ್ಮನಿಯ ಮಹಾಕವಿ ಗಯಟೆ 1790ರಲ್ಲಿ ಸಸ್ಯಗಳ ರೂಪಾಂತರದ ಬಗ್ಗೆ ಪುಸ್ತಕ ಬರೆದು, ಹೂವಿನ ದಳ, ಕೇಸರಗಳೆಲ್ಲ ಎಲೆಯದೇ ವೇಷಗಳು ಎಂದ. ಕಾಗದದ ಹೂವಿನ ಬಳ್ಳಿ ಅವನ ಮಾತಿಗೆ ಒಳ್ಳೆಯ ಸಾಕ್ಷಿ. ಬಣ್ಣದ ಕಾಗದದಂತೆ ಕಾಣುವ ಅದರ 'ದಳ'ಗಳು ಎಲೆಗಳೇ. ಹೂವು ನಡುವೆ ಇರುವ ಸಣ್ಣ ಬಿಳಿ ಕೊಳವೆ. ಪಾಪಾಸುಕಳ್ಳಿಯಲ್ಲಿ ಎಲೆ ಮುಳ್ಳಾಗಿದೆ, ಕಾಂಡ ಹಸಿರಾಗಿ ಎಲೆಯ ಕೆಲಸ ಹೊತ್ತುಕೊಂಡಿದೆ.

ಕುಂಡದಲ್ಲಿ ನೆಟ್ಟ ವಿಲ್ಲೋ

ಹೆಸರಿಡುವುದು ಒಂದು, ಕೆಲಸ ತಿಳಿಯುವುದು ಇನ್ನೊಂದು. ಮರ ಏನನ್ನು ತಿಂದು ಅಷ್ಟು ದಪ್ಪವಾಗುತ್ತದೆ? ಇದನ್ನು ತಕ್ಕಡಿ ಹಿಡಿದು ಕೇಳಿದವನು ಇಂದಿನ ಬೆಲ್ಜಿಯಂ ಪ್ರದೇಶದ ವೈದ್ಯ ವಾನ್ ಹೆಲ್ಮಾಂಟ್. ಒಲೆಯಲ್ಲಿ ಒಣಗಿಸಿದ 200 ಪೌಂಡು ಮಣ್ಣನ್ನು ಕುಂಡಕ್ಕೆ ತುಂಬಿ 5 ಪೌಂಡು ತೂಕದ ವಿಲ್ಲೋ ಸಸಿ ನೆಟ್ಟ. ಮಳೆನೀರು ಬಿಟ್ಟರೆ ಬೇರೇನೂ ಹಾಕಲಿಲ್ಲ. ಐದು ವರ್ಷದ ನಂತರ ಕಿತ್ತು ತೂಗಿದಾಗ ಮರ 169 ಪೌಂಡು ದಾಟಿತ್ತು. ಮಣ್ಣು ಕಳೆದುಕೊಂಡದ್ದು ಸುಮಾರು 2 ಔನ್ಸ್ ಮಾತ್ರ!

ಅರಿಸ್ಟಾಟಲನ 'ಭೂಮಿಯೇ ಹೊಟ್ಟೆ' ವಾದ ಒಂದೇ ತೂಕಕ್ಕೆ ಉರುಳಿತು. ಮರ ಮಣ್ಣನ್ನು ತಿಂದಿಲ್ಲ. ಹಾಗಾದರೆ ನೀರೇ ಮರವಾಯಿತು ಎಂದು ಹೆಲ್ಮಾಂಟ್ ತೀರ್ಮಾನಿಸಿದ. ಅವನು ತೀರಿಕೊಂಡ ನಾಲ್ಕು ವರ್ಷಕ್ಕೆ, 1648ರಲ್ಲಿ, ಮಗ ಆ ಬರಹಗಳನ್ನು ಅಚ್ಚು ಹಾಕಿಸಿದ.

ಇಲ್ಲೊಂದು ತಮಾಷೆ ಇದೆ. 'ಗ್ಯಾಸ್' ಎಂಬ ಪದವನ್ನು ಜಗತ್ತಿಗೆ ಕೊಟ್ಟವನು ಇದೇ ಹೆಲ್ಮಾಂಟ್. ಇದ್ದಿಲು ಸುಟ್ಟಾಗ, ದ್ರಾಕ್ಷಾರಸ ಹುದುಗಿದಾಗ ಹೊರಡುವ ಅನಿಲವನ್ನು ಗುರುತಿಸಿದವನೂ ಅವನೇ. ಅವನ ವಿಲ್ಲೋ ಮರದ ಬಹುಪಾಲು ಗಟ್ಟಿ ದೇಹ ಆ ಅನಿಲದಿಂದಲೇ ಕಟ್ಟಿದ್ದು. ಉತ್ತರ ಅವನ ಕೈಯಲ್ಲೇ ಇತ್ತು, ಆದರೆ ಬೇರೆ ಕಡತದಲ್ಲಿತ್ತು. ಲೆಕ್ಕಕ್ಕಿಲ್ಲವೆಂದು ಅವನು ಬಿಟ್ಟ 2 ಔನ್ಸ್ ಮಣ್ಣಿಗೂ ಅರ್ಥವಿತ್ತು. ಬೇರು ಹೀರುವ ಲವಣಗಳು ಅಳತೆಯಲ್ಲಿ ಅಲ್ಪ. ಅವು ಇಲ್ಲದಿದ್ದರೆ ಮಾತ್ರ ಗಿಡವಿಲ್ಲ.

ಒಂದೇ ದಿನ ಬಂದ ಎರಡು ಪುಸ್ತಕ

1665ರಲ್ಲಿ ಲಂಡನ್ನಿನ ರಾಬರ್ಟ್ ಹುಕ್ ಬೆಂಡಿನ ತೆಳು ಚೂರೊಂದನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಜೇನುಹುಟ್ಟಿನಂಥ ಕೋಣೆಗಳನ್ನು ಕಂಡು ಅವನ್ನು 'ಸೆಲ್' ಎಂದು ಕರೆದ. ಆರು ವರ್ಷದ ಬಳಿಕ, 1671ರ ಡಿಸೆಂಬರ್ 7ರಂದು, ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಒಂದೇ ದಿನ ಎರಡು ಕೃತಿಗಳು ಬಂದವು. ಒಂದು ಇಂಗ್ಲೆಂಡಿನ ವೈದ್ಯ ನೆಹೆಮಿಯಾ ಗ್ರೂ ಬರೆದದ್ದು. ಇನ್ನೊಂದು ಇಟಲಿಯ ಬೊಲೊನ್ಯಾದಿಂದ ಮಾರ್ಸೆಲ್ಲೊ ಮಾಲ್ಪಿಘಿ ಕಳಿಸಿದ್ದು. ಇಬ್ಬರೂ ವೈದ್ಯರು, ಇಬ್ಬರೂ ಗಿಡವನ್ನು ದೇಹದಂತೆ ಕೊಯ್ದು ನೋಡಿದವರು. ಸಸ್ಯಗಳ ಒಳರಚನೆಯ ಶಾಸ್ತ್ರ ಹುಟ್ಟಿದ್ದು ಹೀಗೆ.

ಬೇರಿನಿಂದ ಎಲೆಯವರೆಗೆ ಸಾಗುವ ಕೊಳವೆಗಳು, ಎಲೆಯ ಮೇಲಿನ ಸೂಕ್ಷ್ಮ ರಂಧ್ರಗಳು, ತಿರುಳಿನ ಮೆದು ಅಂಗಾಂಶ, ಎಲ್ಲ ಅವರ ಕಣ್ಣಿಗೆ ಬಿದ್ದವು. ಗ್ರೂ 1682ರಲ್ಲಿ ಹೊರತಂದ ದೊಡ್ಡ ಗ್ರಂಥದ ಚಿತ್ರಫಲಕಗಳನ್ನು ಇಂದು ನೋಡಿದರೂ ಬೆರಗಾಗುತ್ತದೆ. ಕಸೂತಿ ಬಟ್ಟೆಯ ಹೆಣಿಗೆಯಂತೆ ಕಾಂಡದ ಒಳಭಾಗ ಅಲ್ಲಿ ಬಿಚ್ಚಿಕೊಳ್ಳುತ್ತದೆ.

ನಮ್ಮ ಹೊಂಗೆಯ ಕಥೆಗೆ ಬೇಕಾದ ಸುಳಿವು ಮಾಲ್ಪಿಘಿಯಲ್ಲಿದೆ. ಆತ ಮರದ ತೊಗಟೆಯನ್ನು ಉಂಗುರದಂತೆ ಸುಲಿದು ನೋಡಿದ. ಹೌದು, ನಮ್ಮ ಬೀದಿಯಲ್ಲಿ ನಡೆದದ್ದೇ. ಸುಲಿದ ಜಾಗದ ಮೇಲಿನ ಅಂಚು ದಿನ ಕಳೆದಂತೆ ಊದಿಕೊಂಡಿತು. ಕೆಳಗಿನ ಅಂಚು ಊದಲಿಲ್ಲ. ಅಂದರೆ ಮೇಲಿನಿಂದ ಏನೋ ಪೌಷ್ಟಿಕ ದ್ರವ ಇಳಿದು ಬರುತ್ತಿತ್ತು, ದಾರಿ ತುಂಡಾದ ಕಡೆ ನಿಂತು ಸೇರುತ್ತಿತ್ತು. ಬೇರು ಕಳಿಸಿದ ಕಚ್ಚಾ ರಸವನ್ನು ಎಲೆಗಳು ಪಕ್ವಗೊಳಿಸಿ ಉಳಿದ ಭಾಗಗಳಿಗೆ ಹಂಚುತ್ತವೆ ಎಂದು ಮಾಲ್ಪಿಘಿ ಊಹಿಸಿದ. ಎಲೆಗೆ ಕೆಲಸ ಸಿಕ್ಕಿತು! ಹೊಟ್ಟೆ ಇರುವುದು ಭೂಮಿಯಲ್ಲಲ್ಲ, ಮೇಲೆ, ಬಿಸಿಲಿನಲ್ಲಿ.

ಪಾದ್ರಿಯ ದ್ರಾಕ್ಷಿ ಬಳ್ಳಿ

ವಿಲಿಯಂ ಹಾರ್ವೆ 1628ರಲ್ಲಿ ರಕ್ತ ದೇಹದಲ್ಲಿ ಸುತ್ತು ಹಾಕುತ್ತದೆ ಎಂದು ತೋರಿಸಿದ ಮೇಲೆ, ಗಿಡದಲ್ಲೂ ರಸ ಹಾಗೆಯೇ ಸುತ್ತುತ್ತಿರಬೇಕು ಎಂದು ಹಲವರು ನಂಬಿದರು. ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದವನು ಲಂಡನ್ನಿಗೆ ಸಮೀಪದ ಟೆಡಿಂಗ್ಟನ್ನಿನ ಪಾದ್ರಿ ಸ್ಟೀಫನ್ ಹೇಲ್ಸ್. ಅವನು ಮೊದಲಿಗೆ ಕುದುರೆಯ ರಕ್ತನಾಳಕ್ಕೆ ಗಾಜಿನ ಕೊಳವೆ ಜೋಡಿಸಿ ರಕ್ತದ ಒತ್ತಡ ಅಳೆದವನು.

ಗಿಡದ ಕಡೆಗೆ ಅವನನ್ನು ತಿರುಗಿಸಿದ್ದು ಒಂದು ಆಕಸ್ಮಿಕ. ಕತ್ತರಿಸಿದ ಹಳೆಯ ದ್ರಾಕ್ಷಿ ಬಳ್ಳಿಯೊಂದು ರಸ ಸುರಿಸುತ್ತಿತ್ತು. ಬಳ್ಳಿ ಸತ್ತೀತೆಂದು ಅವನು ಗಾಯಕ್ಕೆ ಪ್ರಾಣಿಯ ಮೂತ್ರಕೋಶದ ಚರ್ಮ ಬಿಗಿದ. ರಸದ ಒತ್ತಡಕ್ಕೆ ಆ ಚರ್ಮ ಉಬ್ಬಿತು! ಆಮೇಲೆ ಬಳ್ಳಿಗೆ ಗಾಜಿನ ಕೊಳವೆಗಳನ್ನು ಒಂದರ ಮೇಲೊಂದು ಜೋಡಿಸಿದ. ರಸ 20 ಅಡಿಗೂ ಮೇಲೆ ಏರಿತು. ಬೇರಿಗೆ ತಳ್ಳುವ ಶಕ್ತಿ ಇದೆ ಎಂದು ಅಳತೆಯಿಂದ ತಿಳಿದದ್ದು ಆಗ.

ಸೂರ್ಯಕಾಂತಿ ಗಿಡವನ್ನು ಕುಂಡದಲ್ಲಿ ಬೆಳೆಸಿ, ಮಣ್ಣಿನ ಮೇಲ್ಭಾಗ ಮುಚ್ಚಿ, ದಿನವೂ ತೂಗಿ ನೋಡಿದ. ಒಂದು ಹಗಲಿನಲ್ಲಿ ಅದು ಸರಾಸರಿ 20 ಔನ್ಸ್ ನೀರನ್ನು ಎಲೆಗಳ ಮೂಲಕ ಗಾಳಿಗೆ ಬಿಡುತ್ತಿತ್ತು. ಗಾತ್ರಕ್ಕೆ ಗಾತ್ರ ಹೋಲಿಸಿದರೆ ಮನುಷ್ಯ ಬೆವರುವುದಕ್ಕಿಂತ 17 ಪಟ್ಟು ಹೆಚ್ಚು ಎಂದು ಲೆಕ್ಕ ಹಾಕಿದ. ಹೀಗೆ ಹೋಗುವ ನೀರು ಮತ್ತೆ ಮರಳುವುದಿಲ್ಲ. ಆದ್ದರಿಂದ ರಸ ರಕ್ತದಂತೆ ಸುತ್ತುವುದಿಲ್ಲ ಎಂದು 1727ರ ತನ್ನ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದ. ಎಲೆಗಳು ಗಾಳಿಯಿಂದಲೂ ಆಹಾರ ಪಡೆಯುತ್ತಿರಬಹುದೇ ಎಂಬ ಸಂಶಯವನ್ನೂ ಅವನು ದಾಖಲಿಸಿದ. ಹೆಲ್ಮಾಂಟನ ಕೈತಪ್ಪಿದ ಉತ್ತರ ಮತ್ತೆ ಹತ್ತಿರ ಬಂದಿತ್ತು.

ಮೇಣದಬತ್ತಿ, ಪುದೀನ, ಬಿಸಿಲು

1771ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಮುಚ್ಚಿದ ಗಾಜಿನೊಳಗೆ ಮೇಣದಬತ್ತಿ ಉರಿದು ಆರಿದ ಗಾಳಿಯಲ್ಲಿ ಪುದೀನದ ಕಡ್ಡಿ ಇಟ್ಟ. ಹತ್ತು ದಿನದ ನಂತರ ಆ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯಿತು. ಗಿಡ ಕೆಟ್ಟ ಗಾಳಿಯನ್ನು ಶುದ್ಧ ಮಾಡುತ್ತದೆ! ಸುದ್ದಿ ಎಲ್ಲೆಡೆ ಹಬ್ಬಿತು. ಆದರೆ ಬೇರೆಯವರು ಮಾಡಿದಾಗ ಒಮ್ಮೆ ಸರಿಬಂದರೆ ಇನ್ನೊಮ್ಮೆ ಕೈಕೊಡುತ್ತಿತ್ತು. ಸ್ವತಃ ಪ್ರೀಸ್ಟ್ಲಿಗೇ ಎಲ್ಲ ಸಲವೂ ಒಂದೇ ಫಲಿತಾಂಶ ಸಿಗಲಿಲ್ಲ.

ಗುಟ್ಟು ಬಿಡಿಸಿದವನು ಡಚ್ ವೈದ್ಯ ಯಾನ್ ಇಂಗೆನ್‌ಹೌಸ್. ಆಸ್ಟ್ರಿಯದ ರಾಜಮನೆತನಕ್ಕೆ ಸಿಡುಬಿನ ಚುಚ್ಚುಮದ್ದು ಹಾಕಿ ಹೆಸರಾಗಿದ್ದ ಈತ 1779ರ ಬೇಸಿಗೆಯಲ್ಲಿ ಲಂಡನ್ ಬಳಿ ಒಂದು ಮನೆ ಹಿಡಿದು ಕೆಲವೇ ತಿಂಗಳಲ್ಲಿ 500ಕ್ಕೂ ಹೆಚ್ಚು ಪ್ರಯೋಗ ಮಾಡಿದ. ನೀರಿನಲ್ಲಿ ಮುಳುಗಿಸಿದ ಎಲೆಗಳ ಮೇಲೆ ಬಿಸಿಲಿನಲ್ಲಿ ಗುಳ್ಳೆಗಳು ಏಳುತ್ತವೆ, ಕತ್ತಲಲ್ಲಿ ಏಳುವುದಿಲ್ಲ. ಈ ಕೆಲಸ ಮಾಡುವುದು ಹಸಿರು ಭಾಗಗಳು ಮಾತ್ರ, ಅದೂ ಬೆಳಕಿದ್ದಾಗ ಮಾತ್ರ. ಪ್ರೀಸ್ಟ್ಲಿಯ ಪ್ರಯೋಗ ಕೆಲವು ಸಲ ಸೋತದ್ದೇಕೆಂಬುದೂ ಇದರಿಂದ ತಿಳಿಯಿತು. ಗಿಡ ಇಟ್ಟ ಜಾಗದಲ್ಲಿ ಬೆಳಕು ಸಾಲದಿದ್ದರೆ ಗಾಳಿ ಶುದ್ಧವಾಗುವುದಿಲ್ಲ.

ಮುಂದಿನದು ಬೇಗ ಬೇಗ ನಡೆಯಿತು. 1782ರಲ್ಲಿ ಜಿನೀವಾದ ಸೆನೆಬಿಯೆ, ಗಿಡ ಹೀರುವುದು ಇಂಗಾಲದ ಡೈ ಆಕ್ಸೈಡ್ ಎಂದು ತೋರಿಸಿದ. 1804ರಲ್ಲಿ ಅದೇ ಊರಿನ ದ ಸೋಸ್ಯೂರ್, ಗಿಡದ ತೂಕ ಹೆಚ್ಚುವುದು ಆ ಅನಿಲ ಮತ್ತು ನೀರು ಎರಡೂ ಸೇರಿ ಎಂದು ತೂಗಿ ಹೇಳಿದ. ಒಣಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧ ಭಾಗ ಗಾಳಿಯಿಂದ ಬಂದ ಇಂಗಾಲ. ನಾವು ಕೂರುವ ಮರದ ಕುರ್ಚಿ ಒಂದು ಕಾಲದಲ್ಲಿ ಗಾಳಿಯಾಗಿತ್ತು ಎಂದರೆ ನಂಬಲೇಬೇಕು. ಮರದ ಬಾಯಿ ಬೇರಿನಲ್ಲಷ್ಟೇ ಇಲ್ಲ, ಎಲೆಯ ಮೈಮೇಲೆ ಲಕ್ಷಾಂತರ ಸಣ್ಣ ಬಾಯಿಗಳಾಗಿ ತೆರೆದಿದೆ.

ನೂರು ಮೀಟರ್ ಮೇಲಕ್ಕೆ ನೀರು

ಉಳಿದದ್ದು ಕಾಂಡದ ಗುಟ್ಟು. ಬಾವಿಯಿಂದ ನೀರು ಹೀರುವ ಪಂಪು ಸುಮಾರು 10 ಮೀಟರಿಗಿಂತ ಮೇಲಕ್ಕೆ ನೀರನ್ನು ಎಳೆಯಲಾರದು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿರುವ, ಜಗತ್ತಿನ ಅತಿ ಎತ್ತರದ ರೆಡ್‌ವುಡ್ ಮರ 115 ಮೀಟರ್ ಮೀರಿದೆ. ಅದರ ತುದಿಗೆ ನೀರು ಮುಟ್ಟಿಸುವ ಪಂಪು ಎಲ್ಲಿದೆ? ಹೇಲ್ಸ್ ಅಳೆದ ಬೇರಿನ ತಳ್ಳುವಿಕೆ ಅಷ್ಟೆತ್ತರಕ್ಕೆ ಸಾಲದು.

1894ರಲ್ಲಿ ಡಬ್ಲಿನ್ನಿನ ಹೆನ್ರಿ ಡಿಕ್ಸನ್ ಮತ್ತು ಜಾನ್ ಜೋಲಿ ಉತ್ತರ ಕೊಟ್ಟರು. ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಸಣ್ಣ ಕೊಳವೆಯೊಳಗೆ ಅವು ಹಗ್ಗದಂತೆ ವರ್ತಿಸುತ್ತವೆ. ಎಲೆಯಿಂದ ನೀರು ಆವಿಯಾದಂತೆಲ್ಲ ಹಗ್ಗ ಮೇಲಿನಿಂದ ಎಳೆಯಲ್ಪಡುತ್ತದೆ, ತುದಿಯಿಂದ ಬೇರಿನವರೆಗೆ. ಎಳೆಯುವ ಶಕ್ತಿ ಬಿಸಿಲು ಮತ್ತು ಗಾಳಿಯದು. ನೀರು ಸಾಗುವ ಕೊಳವೆಗಳೋ, ಒಳಗಿನ ಜೀವ ಬಿಟ್ಟ ಖಾಲಿ ಕೋಶಗಳು.

ಇದನ್ನು ನಮ್ಮ ಜಗದೀಶಚಂದ್ರ ಬೋಸ್ ಒಪ್ಪಲಿಲ್ಲ. ಗಿಡದ ಬೆಳವಣಿಗೆಯನ್ನು ಸಾವಿರಾರು ಪಟ್ಟು ಹಿಗ್ಗಿಸಿ ತೋರಿಸುವ ಯಂತ್ರ ಕಟ್ಟಿದ, 1917ರಲ್ಲಿ ಕಲ್ಕತ್ತದಲ್ಲಿ ಸ್ವಂತ ಸಂಶೋಧನಾ ಮಂದಿರ ಸ್ಥಾಪಿಸಿದ ಬೋಸ್, 1923ರ ತಮ್ಮ ಗ್ರಂಥದಲ್ಲಿ ಕಾಂಡದೊಳಗಿನ ಜೀವಂತ ಕೋಶಗಳು ಹೃದಯದಂತೆ ಮಿಡಿದು ರಸವನ್ನು ಏರಿಸುತ್ತವೆ ಎಂದು ವಾದಿಸಿದರು. ಈ ವಿಚಾರದಲ್ಲಿ ವಿಜ್ಞಾನಲೋಕ ಡಿಕ್ಸನ್ ಪರವಾಗಿ ನಿಂತಿತು. ಆದರೆ ಗಿಡದೊಳಗೆ ವಿದ್ಯುತ್ ಸಂಕೇತಗಳು ಹರಿಯುತ್ತವೆ ಎಂಬ ಬೋಸರ ಇನ್ನೊಂದು ಮಾತು ಗಟ್ಟಿಯಾಗಿ ಉಳಿಯಿತು. ಸೋತ ವಾದದ ಜೊತೆಗೆ ಗೆದ್ದದ್ದನ್ನೂ ನೆನೆಯಬೇಕು.

ಈಗ ಶಾಂತಿಪರ್ವದ ತಾವರೆಯ ದಂಟನ್ನು ನೆನಪಿಸಿಕೊಳ್ಳಿ. ಕೆಳಗಿನಿಂದ ತಳ್ಳುವುದಲ್ಲ, ಮೇಲಿನಿಂದ ಹೀರುವುದು. ಅದಕ್ಕೆ ಗಾಳಿಯ ನೆರವು. ಅದು ಪ್ರಯೋಗದಿಂದ ಬಂದ ಮಾತಲ್ಲ, ಹೋಲಿಕೆ ಅಷ್ಟೆ. ಅದನ್ನೇ ವಿಜ್ಞಾನವೆಂದು ಜಂಬ ಕೊಚ್ಚಬೇಕಿಲ್ಲ. ಆದರೂ ಗಮನವಿಟ್ಟು ನೋಡಿದ ಯಾವುದೋ ಕಣ್ಣು ಅದರ ಹಿಂದಿದೆ ಎನ್ನಲು ಅಡ್ಡಿಯಿಲ್ಲ.

ಬೇರಿನ ಬಗ್ಗೆಯೂ ಒಂದು ಮಾತು. 1937ರಲ್ಲಿ ಅಮೆರಿಕದ ಡಿಟ್ಮರ್ ಒಂದೇ ಒಂದು ರೈ ಗಿಡದ ಬೇರುಗಳನ್ನು ತೊಳೆದು ಎಣಿಸಿದ. ನಾಲ್ಕು ತಿಂಗಳ ಆ ಹುಲ್ಲಿಗೆ 1 ಕೋಟಿ 38 ಲಕ್ಷ ಬೇರುಗಳು. ಉದ್ದಕ್ಕೆ ಜೋಡಿಸಿದರೆ 600 ಕಿಲೋಮೀಟರಿಗೂ ಹೆಚ್ಚು, ಬೆಂಗಳೂರಿನಿಂದ ಕಲಬುರಗಿಗೆ ಹೋದಷ್ಟು. ಬೇರುರೋಮಗಳ ಲೆಕ್ಕ 1,400 ಕೋಟಿ. ಚಾರ್ಲ್ಸ್ ಡಾರ್ವಿನ್ 1880ರಲ್ಲಿ, ಬೇರಿನ ತುದಿ ಕೆಳವರ್ಗದ ಪ್ರಾಣಿಯ ಮಿದುಳಿನಂತೆ ವರ್ತಿಸುತ್ತದೆ ಎಂದು ಬರೆದ. ಬೇರೇ ತಲೆ ಎಂದ ಅರಿಸ್ಟಾಟಲ್ ಎಲ್ಲೋ ನಕ್ಕಿರಬೇಕು.

ಹೊಂಗೆ ಸತ್ತದ್ದು ಹೇಗೆ?

ಇನ್ನು ನಮ್ಮ ಬೀದಿಗೆ ಬರೋಣ. ಕಾಂಡದಲ್ಲಿ ಎರಡು ದಾರಿಗಳಿವೆ. ಕಟ್ಟಿಗೆಯ ಭಾಗದಲ್ಲಿ ನೀರು ಮೇಲೇರುವ ದಾರಿ, ಅದನ್ನು ಕ್ಸೈಲಂ ಎನ್ನುತ್ತಾರೆ. ತೊಗಟೆಯ ಒಳಮೈಗೆ ಅಂಟಿಕೊಂಡು ಎಲೆಯ ಅಡುಗೆ ಕೆಳಗಿಳಿಯುವ ದಾರಿ, ಅದು ಫ್ಲೋಯಂ. ಎರಡರ ನಡುವೆ ಕಾಗದದಷ್ಟು ತೆಳುವಾದ, ಮರವನ್ನು ದಪ್ಪ ಮಾಡುವ ಜೀವಂತ ಪದರ. ಮುದಿ ಹುಣಿಸೆ ಮರದ ಬೊಡ್ಡೆ ಟೊಳ್ಳಾದರೂ ಅದು ಕಾಯಿ ಬಿಡುವುದು ಈ ಅಂಚು ಉಳಿದಿರುವುದರಿಂದ. ಮರದ ಜೀವವೆಲ್ಲ ಅಂಚಿನಲ್ಲಿದೆ. ತೆಂಗು, ಅಡಿಕೆಗಳ ಕಥೆ ಬೇರೆ. ಅವುಗಳ ನಾಳಗಳು ಕಾಂಡದ ತುಂಬ ಚದುರಿರುವುದರಿಂದ, ಹತ್ತಲೆಂದು ಮೈಮೇಲೆ ಮೆಟ್ಟಿಲು ಕೊರೆದರೂ ತೆಂಗು ಸಾಯುವುದಿಲ್ಲ.

ಹೊಂಗೆಯ ತೊಗಟೆ ಸುಲಿದವನು ಮೇಲೇರುವ ದಾರಿಯನ್ನು ಮುಟ್ಟಲಿಲ್ಲ. ಆದ್ದರಿಂದಲೇ ಎಲೆ ಬಾಡಲಿಲ್ಲ, ತಾತನ ಮಾತು ನಿಜವಾಯಿತು. ಕೆಳಗಿಳಿಯುವ ದಾರಿ ಮಾತ್ರ ತುಂಡಾಯಿತು. ಮೇಲೆ ಎಲೆಗಳು ಅಡುಗೆ ಮಾಡುತ್ತಲೇ ಇದ್ದವು, ಕೆಳಗೆ ಬೇರುಗಳು ಕೂಡಿಟ್ಟ ಪಿಷ್ಟವನ್ನು ತಿಂದು ಒಂದು ವರ್ಷ ಕಳೆದವು. ಕಣಜ ಬರಿದಾದ ಮೇಲೆ ಒಂದೊಂದಾಗಿ ಸತ್ತವು. ಬೇರು ಸತ್ತ ಮೇಲೆ ನೀರು ನಿಂತಿತು, ಎಲೆ ಉದುರಿತು. ಮರ ಸತ್ತದ್ದು ಬಾಯಾರಿಕೆಯಿಂದಲ್ಲ, ಬೇರಿನ ಹಸಿವಿನಿಂದ. ಮಾಲ್ಪಿಘಿ ತಿಳಿಯುವುದಕ್ಕಾಗಿ ಮಾಡಿದ್ದನ್ನು ನಮ್ಮ ಬೀದಿಯಲ್ಲಿ ಯಾರೋ ಕೊಲ್ಲುವುದಕ್ಕಾಗಿ ಮಾಡಿದರು.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಉಂಗುರ ಸುಲಿದು ಒಂದೂವರೆ ವರ್ಷ ಕಾಯುವ ತಾಳ್ಮೆ ಇದ್ದರೆ ಹಸಿರು ಮರ ತಾನಾಗಿಯೇ 'ಒಣಗಿದ ಮರ'ವಾಗುತ್ತದೆ. ಕೆಡುಕಿಲ್ಲದೆಯೂ ನಾವು ಇದೇ ಕೆಲಸ ಮಾಡುತ್ತೇವೆ. ನೀರು ಹೀರುವ ನವಿರು ಬೇರುಗಳು ಹೆಚ್ಚಾಗಿ ಇರುವುದು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲಿ. ಅವಕ್ಕೂ ಉಸಿರಾಡಲು ಗಾಳಿ ಬೇಕು. ನಾವೋ ಬುಡದವರೆಗೆ ಸಿಮೆಂಟು ಬಳಿದು, ಕಾಲುದಾರಿ ಚೆಂದವಾಯಿತು ಎನ್ನುತ್ತೇವೆ. ದಿಲ್ಲಿಯಲ್ಲಿ ಮರದ ಸುತ್ತ ಒಂದು ಮೀಟರ್ ಜಾಗದಲ್ಲಿ ಕಾಂಕ್ರೀಟು ಇರಕೂಡದು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶಿಸಬೇಕಾಯಿತು.

ತೊಗಟೆ ಸುಲಿದ ಮರಕ್ಕೆ ಮದ್ದಿಲ್ಲವೆಂದಲ್ಲ. ಹಳೆಯ ತೋಟಗಾರರು ಅದೇ ಮರದ ಎಳೆ ಕಡ್ಡಿಗಳನ್ನು ಗಾಯದ ಮೇಲಂಚಿನಿಂದ ಕೆಳಂಚಿಗೆ ಸೇತುವೆಯಂತೆ ಕಸಿ ಕಟ್ಟುತ್ತಾರೆ. ಬೇಗ ಕಂಡು, ಬೇಗ ಮಾಡಿದರೆ ಮರ ಉಳಿಯುವುದುಂಟು. ಆದರೆ ಅದಕ್ಕೆ ಆ ಉಂಗುರದ ಅರ್ಥ ಗೊತ್ತಿರಬೇಕು. ನಮಗೆ ಗೊತ್ತಿರಲಿಲ್ಲ. ಎಲೆ ಹಸಿರಾಗಿದೆಯಲ್ಲ ಎಂದು ಸುಮ್ಮನಾದೆವು.

ಹೊಂಗೆ ಇದ್ದ ಜಾಗದಲ್ಲಿ ಈಗ ಸಿಮೆಂಟಿನ ಚಪ್ಪಡಿ ಇದೆ. ಇಸ್ತ್ರಿ ಗಾಡಿಯವರು ನೀಲಿ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡಿದ್ದಾರೆ. ತಾತ ಮೊನ್ನೆ ಸಿಕ್ಕಾಗ ಇದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಂಗಾದ್ರೆ ಆವತ್ತೇ ಏನಾದ್ರೂ ಮಾಡಬಹುದಿತ್ತು ಅನ್ನಪ್ಪಾ' ಎಂದರು. ಮಾಡಬಹುದಿತ್ತು.